ಹಾಳೆಯ ಕೆಳಗೆ ಏನೂ ಇಲ್ಲ

ಅವಳಿಗೆ ಮೊಂಡಿ ಎಂದು ಹೆಸರಿಟ್ಟವರು ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಮನೆಯ ಮಿಕ್ಸರ್ ಕೈಕೊಟ್ಟಿತ್ತು. ಅತ್ತೆ ಹೊಸದು ತರೋಣ ಎಂದರು, ಗಂಡ ರಿಪೇರಿಯವನಿಗೆ ಕೊಡೋಣ ಎಂದ. ಇವಳು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಅದನ್ನು ಬಿಚ್ಚಿ ಹಾಲ್‌ನಲ್ಲಿ ಹರವಿಕೊಂಡು ಕೂತಳು. ಊಟಕ್ಕೆ ಏಳಲಿಲ್ಲ, ಬಂದ ನೆಂಟರ ಮುಂದೆಯೂ ಏಳಲಿಲ್ಲ. ಸಂಜೆಗೆ ಮಿಕ್ಸರ್ ಗುರ್ ಎಂದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಮೊಂಡಿ ಕಣೇ ನೀನು" ಎಂದರು. ಬೈಗುಳವಾಗಿ ಹುಟ್ಟಿದ ಹೆಸರು ಮನೆಯಲ್ಲಿ ಮುದ್ದಿನದಾಯಿತು. ಒಂದು ದಿನ ಅವಳ ಮೊಬೈಲ್ ಎತ್ತಲಿಲ್ಲವೆಂದು ಅತ್ತೆ ಪ್ರಯೋಗಾಲಯದ ಫೋನಿಗೇ ಕರೆಮಾಡಿ, "ನಮ್ಮ ಮೊಂಡಿ ಇದ್ದಾಳಾ?" ಎಂದು ಕೇಳಿದ ಮೇಲೆ ಅಲ್ಲಿಯೂ ಅದೇ ಹೆಸರು ಅಂಟಿಕೊಂಡಿತು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಒಂದು ತೂತಿನ ತಂತಿ ಕಿತ್ತು ಇನ್ನೊಂದು ತೂತಿಗೆ ಚುಚ್ಚುತ್ತ, ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಮಾತಾಡಿಸಿದ ಹೆಂಗಸು. ಮನೆಯಲ್ಲಿಯೂ ಅವರ ದನಿ ಗೋಡೆಯಾಚೆಗೆ ಕೇಳುತ್ತಿತ್ತು. ಗಂಡ ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ವರ್ಷದ ಬಹುಪಾಲು ನೀರಿನ ಮೇಲೆ. ಹೀಗಾಗಿ ಮೂರನೇ ಮಹಡಿಯ ಆ ಪುಟ್ಟ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಜಗಳವಾಡಿದರೂ ಅವರಿಬ್ಬರೇ, ರಾಜಿಯಾದರೂ ಅವರಿಬ್ಬರೇ.

ಮೊಂಡಿಯ ಕೆಲಸ ಆಂಟೆನಾ ವಿನ್ಯಾಸ. ಅವಳು ಓದುವಾಗ ಆ ವಿಷಯವನ್ನು ಆರಿಸಿಕೊಳ್ಳುವವರೇ ಕಡಿಮೆ. ಗಣಿತ ಹೆಚ್ಚು, ಕೆಲಸ ಕಡಿಮೆ ಎಂದು ಗೆಳತಿಯರೆಲ್ಲ ಮೂಗು ಮುರಿದಿದ್ದರು. ಅವಳಿಗೆ ಅದೇ ಬೇಕಾಯಿತು. ಕಣ್ಣಿಗೆ ಕಾಣದ ಅಲೆಯನ್ನು ಒಂದು ತುಂಡು ತಾಮ್ರ ಹಿಡಿದುಕೊಡುತ್ತದೆ ಎನ್ನುವ ವಿಷಯ ಎಷ್ಟು ಗಣಿತ ಮಾಡಿದ ಮೇಲೂ ಅವಳಿಗೆ ಹಳತಾಗಲಿಲ್ಲ.

ಆಂಟೆನಾದ ಕಷ್ಟವೆಂದರೆ ಅದರ ಅಳತೆ. ಯಾವ ಅಲೆಯನ್ನು ಹಿಡಿಯಬೇಕೋ ಅದಕ್ಕೆ ತಕ್ಕ ಉದ್ದ ಇರಬೇಕು. ಒಂದು ಫೋನಿನೊಳಗೆ ಮಾತಿಗೊಂದು, ವೈಫೈಗೊಂದು, ದಾರಿ ತೋರಿಸುವ ಉಪಗ್ರಹಕ್ಕೊಂದು ಎಂದು ಹತ್ತಾರು ಆಂಟೆನಾಗಳು ಇರುಕಿಕೊಂಡು ಕೂತಿರುತ್ತವೆ. ಒಂದೇ ಆಂಟೆನಾ ಬೇಕೆಂದಾಗ ತನ್ನ ಉದ್ದವನ್ನು ತಾನೇ ಬದಲಿಸಿಕೊಂಡರೆ? ಕತ್ತರಿ ಹಾಕದೆ, ಬೆಸುಗೆ ಹಾಕದೆ, ಬರೀ ಒಂದು ಗುಂಡಿ ತಿರುಗಿಸಿದರೆ ಸಾಕು ಎನ್ನುವಂತಾದರೆ? ಗ್ರಾಫೀನ್ ಎಂಬ ವಸ್ತು ಬಂದಾಗ ಜಗತ್ತಿನ ಆಂಟೆನಾದವರೆಲ್ಲ ಕಿವಿ ನಿಮಿರಿಸಿದ್ದು ಇದಕ್ಕಾಗಿಯೇ. ಅದು ಇದ್ದಿಲಿನ ಜಾತಿಯದೇ, ಆದರೆ ದಪ್ಪ ಮಾತ್ರ ಒಂದೇ ಒಂದು ಪರಮಾಣುವಿನಷ್ಟು. ಅದರ ಪಕ್ಕದಲ್ಲಿ ಒಂದಿಷ್ಟು ವೋಲ್ಟೇಜ್ ಕೊಟ್ಟರೆ ವಿದ್ಯುತ್ತು ಅದರಲ್ಲಿ ಸಲೀಸಾಗಿ ಹರಿಯುತ್ತದೆ, ತೆಗೆದರೆ ತಡವರಿಸುತ್ತದೆ. ಅಂಥ ಹಾಳೆಯಿಂದ ಆಂಟೆನಾ ಮಾಡಿದರೆ ವೋಲ್ಟೇಜಿನಿಂದಲೇ ಅದನ್ನು ಶ್ರುತಿ ಮಾಡಬಹುದು. ಆಲೋಚನೆ ಸೊಗಸಾಗಿಯೇ ಇತ್ತು.

ಅವಳು ಸೇರಿದ ಸಂಸ್ಥೆಯ ವಿಭಾಗದ ಮುಖ್ಯಸ್ಥರು ಈ ಬಗ್ಗೆ ಮೊದಲೇ ಒಂದು ಪ್ರಬಂಧ ಬರೆದು ಹೆಸರು ಮಾಡಿದ್ದರು. ಪೂರ್ತಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಆಂಟೆನಾ. ವೋಲ್ಟೇಜ್ ಏರಿಸಿದಂತೆಲ್ಲ ಅದರ ರೇಖೆಯ ತಗ್ಗು, ಅಂದರೆ ಅದು ಹಿಡಿಯುವ ಅಲೆಯ ಗುರುತು, ಪರದೆಯ ಈ ತುದಿಯಿಂದ ಆ ತುದಿಗೆ ಜಾರುತ್ತಿತ್ತು. ಆ ಚಿತ್ರವನ್ನು ಆಳೆತ್ತರಕ್ಕೆ ಅಚ್ಚು ಹಾಕಿಸಿ ವಿಭಾಗದ ಬಾಗಿಲಲ್ಲಿ ತೂಗುಹಾಕಿದ್ದರು. ಕಂಪ್ಯೂಟರಿನಲ್ಲಿರುವುದನ್ನು ಕೈಯಲ್ಲಿ ಹಿಡಿಯುವ ಹಾಗೆ ಮಾಡಿಕೊಡುವುದು ಮೊಂಡಿಯ ಪಾಲಿಗೆ ಬಂದ ಕೆಲಸ. ಮುಖ್ಯಸ್ಥರು ಕೆಟ್ಟವರೇನಲ್ಲ. ಮಾತು ಮೃದು, ಹುಟ್ಟುಹಬ್ಬಕ್ಕೆ ಎಲ್ಲರನ್ನೂ ನೆನಪಿಟ್ಟು ಹಾರೈಸುವವರು. ಆದರೆ ಆ ಚಿತ್ರದ ವಿಷಯದಲ್ಲಿ ಅವರಿಗೆ ಹೆತ್ತ ಕರುಳಿನ ಪ್ರೀತಿ.

ಗ್ರಾಫೀನ್ ಬೆಳೆಸುವವನು ಕುಲುಮೆಯಣ್ಣ. ನೆಲಮಾಳಿಗೆಯ ಕೋಣೆಯಲ್ಲಿ ಗಾಜಿನ ಕೊಳವೆಯ ಕುಲುಮೆಯನ್ನು ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರದ ಸಂಶೋಧಕ, ಅವಳಿಗಿಂತ ಕೆಲವು ವರ್ಷ ದೊಡ್ಡವನು, ಎಲ್ಲರಿಗೂ ಅಣ್ಣ. ಕೆಂಪಗೆ ಕಾದ ಕೊಳವೆಯೊಳಗೆ ತಾಮ್ರದ ತಗಡು ಇಟ್ಟು ಅನಿಲ ಹಾಯಿಸಿದರೆ ಅದರ ಮೇಲೆ ಗ್ರಾಫೀನ್ ಕೂರುತ್ತದೆ. ಆಮೇಲೆ ತಾಮ್ರವನ್ನು ಕರಗಿಸಿ, ಉಳಿದ ಹಾಳೆಯನ್ನು ನೀರಿನ ಮೇಲೆ ತೇಲಿಸಿ, ಕೆಳಗಿನಿಂದ ಇನ್ನೊಂದು ತಟ್ಟೆ ತೂರಿಸಿ ಎತ್ತಿಕೊಳ್ಳಬೇಕು. ಹಾಲಿನ ಕೆನೆ ಎತ್ತಿದ ಹಾಗೆ. ಉಸಿರು ಬಿಗಿ ಹಿಡಿದು ಎತ್ತಿದರೂ ಸುಕ್ಕು ಬೀಳುತ್ತದೆ, ಅಂಚು ಹರಿಯುತ್ತದೆ. ಕುಲುಮೆಯಣ್ಣನಿಗೆ ಸೀನು ಬರುವ ಅಭ್ಯಾಸ. ಎತ್ತುವ ಹೊತ್ತಿಗೆ ಅವನನ್ನು ಅವಳು ಬಾಗಿಲಾಚೆ ನಿಲ್ಲಿಸುತ್ತಿದ್ದಳು.

ಹಾಗೆ ಮಾಡಿದ ಮೊದಲ ಆಂಟೆನಾವನ್ನು ಹೊತ್ತುಕೊಂಡು ಅವಳು ಅಳತೆಯ ಕೋಣೆಗೆ ಹೋದಳು. ಗೋಡೆ, ಸೂರು, ನೆಲವೆಲ್ಲ ಕಪ್ಪು ಸ್ಪಂಜಿನ ಗೂಟಗಳಿಂದ ತುಂಬಿದ ಕೋಣೆ ಅದು. ಅಲೆ ಎಲ್ಲಿ ಬಡಿದರೂ ವಾಪಸಾಗುವುದಿಲ್ಲ. ಒಳಗೆ ಮಾತಾಡಿದರೆ ಮಾತೂ ಬಾಯಿಯಿಂದ ಬಿದ್ದಲ್ಲೇ ಸಾಯುತ್ತದೆ. ಆಂಟೆನಾ ಕೂರಿಸಿ, ವೋಲ್ಟೇಜ್ ಏರಿಸಿ, ಪರದೆ ನೋಡಿದಳು. ರೇಖೆ ತಗ್ಗೇ ಇಲ್ಲದೆ ಮಲಗಿತ್ತು. ಇನ್ನಷ್ಟು ಏರಿಸಿದಳು. ಮಲಗಿದ್ದ ರೇಖೆ ಮಗ್ಗುಲೂ ಬದಲಿಸಲಿಲ್ಲ. ಕೊಟ್ಟ ಶಕ್ತಿಯೆಲ್ಲ ಹಾಳೆಯಲ್ಲೇ ಬಿಸಿಯಾಗಿ ಇಂಗಿಹೋಗುತ್ತಿತ್ತು. ಹೊರಗೆ ಹೋಗಬೇಕಾದ ಅಲೆ ಹೊರಟೇ ಇರಲಿಲ್ಲ.

"ಸುಕ್ಕು ಜಾಸ್ತಿ ಇದೆಯಮ್ಮ" ಎಂದರು ಮುಖ್ಯಸ್ಥರು, "ಕೈ ಪಳಗಬೇಕು. ಮತ್ತೆ ಮಾಡಿ."

ಅವಳು ಮತ್ತೆ ಮಾಡಿದಳು. ಮತ್ತೂ ಮಾಡಿದಳು. ಸುಕ್ಕು ಕಡಿಮೆಯಾಯಿತು, ಅಂಚು ನೆಟ್ಟಗಾಯಿತು, ಹಾಳೆಯ ಮೇಲೆ ಅಂಟಿ ಉಳಿಯುತ್ತಿದ್ದ ಕೊಳೆಯನ್ನು ತೊಳೆಯುವ ಬಗೆ ಸಿಕ್ಕಿತು. ರೇಖೆ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ವರ್ಷ ತಿರುಗಿತು. ಪ್ರತಿ ಸೋಮವಾರದ ಸಭೆಯಲ್ಲಿ ಮುಖ್ಯಸ್ಥರು ಮರುಕದಿಂದ ಅವಳ ಕೈಗಳ ಕಡೆ ನೋಡುತ್ತಿದ್ದರು. ಸಹೋದ್ಯೋಗಿಗಳೂ ನೋಡುತ್ತಿದ್ದರು. ಕಡೆಕಡೆಗೆ ಅವಳೂ ಮನೆಗೆ ಬಂದು ತನ್ನ ಕೈಗಳನ್ನು ತಾನೇ ನೋಡಿಕೊಳ್ಳತೊಡಗಿದಳು.

"ಏನೇ ಅದು, ಅಂಗೈಯಲ್ಲಿ ಭವಿಷ್ಯ ಓದ್ತಿದ್ದೀಯಾ?" ಎಂದು ಅತ್ತೆ ಕೇಳಿದರು.

"ಎಲ್ಲರೂ ತಪ್ಪು ನನ್ನ ಕೈಯದು ಅಂತಾರೆ ಅತ್ತೆ."

"ನೀನೇನಂತೀಯಾ?"

"ನಾನು ಇನ್ನೂ ನೋಡಿಲ್ಲ."

"ಮತ್ತೆ ನೋಡು. ಬೇರೆಯವರು ಅಂದಿದ್ದನ್ನ ಹೊತ್ಕೊಂಡು ನನ್ನ ಊಟದ ಮೇಜಿಗೆ ಬರಬೇಡ."

ನೋಡುವುದೆಂದರೆ ಅವಳ ಪಾಲಿಗೆ ಒಂದೇ ದಾರಿ. ಮುಖ್ಯಸ್ಥರ ಹಳೆಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ತೆರೆದು ಒಂದೊಂದೇ ಸಂಖ್ಯೆಯನ್ನು ಎತ್ತಿ ನೋಡಿದಳು. ಒಂದು ಕಡೆ ಕಣ್ಣು ನಿಂತಿತು. ಹಾಳೆಯೊಳಗೆ ಎಲೆಕ್ಟ್ರಾನ್ ಎಲ್ಲಿಯೂ ಮುಗ್ಗರಿಸದೆ ಎಷ್ಟು ಹೊತ್ತು ಓಡಬಲ್ಲದು ಎನ್ನುವ ಸಂಖ್ಯೆ ಅದು. ಕಣ್ಣಿಗೆ ಕಾಣದಷ್ಟು ಚಿಕ್ಕ, ಒಂದೂ ಕಳಂಕವಿಲ್ಲದ ಚೂರಿನಲ್ಲಿ ಯಾರೋ ಅಳೆದ ಸಂಖ್ಯೆಯನ್ನು ಅಂಗೈಯಗಲದ ಹಾಳೆಗೆ ಅಂಟಿಸಿದ್ದರು. ಕುಲುಮೆಯಲ್ಲಿ ಬೆಳೆದ ಹಾಳೆಯಲ್ಲಿ ಎಲೆಕ್ಟ್ರಾನ್ ಹೆಜ್ಜೆಹೆಜ್ಜೆಗೂ ಎಡವುತ್ತದೆ. ಅವಳು ಕುಲುಮೆಯಣ್ಣನ ಹಾಳೆಯಲ್ಲೇ ಅಳೆದ ಸಂಖ್ಯೆಯನ್ನು ಆ ಜಾಗಕ್ಕೆ ಹಾಕಿ ಲೆಕ್ಕ ಓಡಿಸಿದಳು. ಬಾಗಿಲಲ್ಲಿ ತೂಗುತ್ತಿದ್ದ ಸುಂದರ ರೇಖೆ ಅಡ್ಡಡ್ಡ ಮಲಗಿತು. ಅಳತೆಯ ಕೋಣೆಯಲ್ಲಿ ಅವಳು ಕಂಡದ್ದರ ಮೇಲೆ ಇಟ್ಟು ನೋಡಿದರೆ ಎರಡೂ ಒಂದೇ. ಕೂದಲೆಳೆಯಷ್ಟೂ ಬೇರೆಯಿಲ್ಲ.

ಅವಳಿಗೆ ಮೊದಲು ಬಂದದ್ದು ನಗು. ಆಮೇಲೆ ಸಿಟ್ಟು. ಇಷ್ಟು ದಿನ ನೀರಿನ ತೊಟ್ಟಿಯ ಮುಂದೆ ಬೆನ್ನು ಬಾಗಿಸಿ ಸುಕ್ಕು ತೆಗೆದದ್ದೆಲ್ಲ ನೆನಪಾಗಿ ಕಿವಿಯವರೆಗೂ ಬಿಸಿ ಏರಿತು. ಎರಡು ರೇಖೆಗಳನ್ನೂ ಒಂದೇ ಕಾಗದದಲ್ಲಿ ಮುದ್ರಿಸಿಕೊಂಡು ನೇರ ಮುಖ್ಯಸ್ಥರ ಕೋಣೆಗೆ ಹೋದಳು.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು ಎಂದು ಅವಳಿಗೆ ಅರ್ಥವಾಯಿತು. ಅವರೂ ಓದಿದವರೇ.

"ಆ ಕಾಲದಲ್ಲಿ ಎಲ್ಲರೂ ಅದೇ ಸಂಖ್ಯೆ ಹಾಕ್ತಿದ್ರು" ಎಂದರು.

"ಈಗ ತೆಗೀಬಹುದಲ್ಲ ಸರ್."

"ಮುಂದಿನ ತಿಂಗಳು ಹಣ ಕೊಡೋರ ಪರಿಶೀಲನಾ ಸಮಿತಿ ಬರ್ತಾ ಇದೆ. ಯೋಜನೆ ಉಳಿದರೆ ತಾನೇ ಸಂಖ್ಯೆ ತಿದ್ದೋದು?" ಎಂದು ಕಾಗದವನ್ನು ಮಡಿಸಿ ಅವಳಿಗೇ ಕೊಟ್ಟರು. ಆಮೇಲೆ ದನಿ ತಗ್ಗಿಸಿದರು. "ಒಂದು ಕೆಲಸ ಮಾಡಿ. ಹಾಳೆಯ ಕೆಳಗೆ ಒಂದು ತಾಮ್ರದ ಪಟ್ಟಿ ಹಾಕಿ. ಅದಕ್ಕೆ ಅಂಗಡಿಯಲ್ಲಿ ಸಿಗೋ ಚಿಕ್ಕ ಡಯೋಡ್ ಕೂರಿಸಿ. ವೋಲ್ಟೇಜ್ ಕೊಟ್ಟರೆ ಅದು ರೇಖೆಯನ್ನ ಜಾರಿಸುತ್ತೆ. ಮೇಲೆ ಗ್ರಾಫೀನ್ ಇದ್ದೇ ಇರುತ್ತಲ್ಲ. ಪ್ರದರ್ಶನಕ್ಕೆ ಮಾತ್ರ."

"ಅಂದ್ರೆ ಕೆಲಸ ಡಯೋಡಿನದು, ಹೆಸರು ಗ್ರಾಫೀನಿಂದು."

"ಅಷ್ಟು ಕಟುವಾಗಿ ಹೇಳಬೇಡಿ. ಎಷ್ಟು ಜನರ ಕೆಲಸ ಇದರ ಮೇಲಿದೆ ಗೊತ್ತಲ್ಲ."

ಗೊತ್ತಿತ್ತು. ಕುಲುಮೆಯಣ್ಣನ ಕೆಲಸವೂ ಅದರ ಮೇಲೇ ಇತ್ತು. ಮನೆಗೆ ಬರುವ ಬಸ್ಸಿನಲ್ಲಿ ಅವಳ ತಲೆಯೊಳಗೆ ಅದೇ ಸುತ್ತುತ್ತಿತ್ತು. ಮರುದಿನ ನೆಲಮಾಳಿಗೆಗೆ ಇಳಿದು ಅವನಿಗೆ ಎಲ್ಲವನ್ನೂ ಹೇಳಿದಳು.

ಕುಲುಮೆಯಣ್ಣ ಕೈಗವಸು ಕಳಚಿ ಸ್ಟೂಲಿನ ಮೇಲೆ ಕೂತ. "ನಾನು ಬೆಳೆಸಿದ ಹಾಳೆಯನ್ನ ಮುಸುಕು ಮಾಡ್ತಾರಂತಾ?" ಎಂದ.

"ಹೂಂ."

"ಹಾಗಾದ್ರೆ ಕೊಡಲ್ಲ ಅಂತ ಹೇಳು."

"ನಿಮ್ಮ ಕೆಲಸಕ್ಕೆ ಕುತ್ತು ಬಂದ್ರೆ ಅಣ್ಣ?"

"ನನ್ನ ಕುಲುಮೆ ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ, ಸುಳ್ಯಾಕೆ ಹೇಳಲಿ" ಎಂದು ಅವನು ಸೀನಿದ, ಮೂಗೊರೆಸಿಕೊಂಡ. "ಆದ್ರೆ ನನ್ನ ಕೆಲಸದ ನೆಪ ಮಾಡ್ಕೊಂಡು ನೀನು ಸುಳ್ಳು ಹೇಳಬೇಡ ಕಣಮ್ಮ. ಸುಳ್ಳೇ ಹೇಳಬೇಕು ಅನ್ನಿಸಿದ್ರೆ ನಿನ್ನ ಹೆಸರಲ್ಲೇ ಹೇಳ್ಕೋ."

ಪರಿಶೀಲನಾ ಸಮಿತಿ ಬಂದ ದಿನ ಸಭಾಂಗಣದ ಮೇಜಿಗೆ ಹೊಸ ಬಟ್ಟೆ ಹಾಸಿದ್ದರು. ಸಮಿತಿಯ ಮುಖ್ಯಸ್ಥೆ ತುಂಡು ಕೂದಲಿನ, ಗಟ್ಟಿ ಹುಬ್ಬಿನ ಹೆಂಗಸು. ಉಳಿದವರು ಬಿಸ್ಕತ್ತು ತಿನ್ನುತ್ತಿದ್ದರೆ ಅವರು ಮುಟ್ಟದೆ ಕಾಗದ ತಿರುವುತ್ತಿದ್ದರು. ಮುಖ್ಯಸ್ಥರು ಆಳೆತ್ತರದ ಚಿತ್ರವನ್ನು ಒಳಗೆ ತರಿಸಿ ಬೆನ್ನ ಹಿಂದೆ ನಿಲ್ಲಿಸಿಕೊಂಡು ಸೊಗಸಾಗಿ ಮಾತಾಡಿದರು. ಕೊನೆಗೆ, "ಈಗ ನಮ್ಮ ಸಹೋದ್ಯೋಗಿ ಅದನ್ನ ತೋರಿಸ್ತಾರೆ" ಎಂದು ಕೈ ಚಾಚಿದರು. ಡಯೋಡ್ ಕೂರಿಸಿದ ಒಂದು ಫಲಕ ಮೇಜಿನ ಮೇಲೆ ಸಿದ್ಧವಾಗಿತ್ತು. ಇವಳು ಒಪ್ಪದಿದ್ದುದರಿಂದ ಅದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿದ್ದರು. ಜನರ ಮುಂದೆ ನಿಂತ ಮೇಲೆ ಇವಳು ಇಲ್ಲವೆನ್ನಲಾರಳು ಎಂದು ಅವರ ಲೆಕ್ಕ.

ಮೊಂಡಿ ಆ ಫಲಕವನ್ನು ಪಕ್ಕಕ್ಕೆ ಸರಿಸಿದಳು. ತನ್ನ ಚೀಲದಿಂದ ತಾನು ಮಾಡಿದ್ದನ್ನು ತೆಗೆದು ತಂತಿ ಸಿಕ್ಕಿಸಿದಳು. ಗುಂಡಿ ತಿರುಗಿಸಿದಳು. ಗೋಡೆಯ ಪರದೆಯ ಮೇಲೆ ರೇಖೆ ಮಲಗಿಯೇ ಇತ್ತು. ಇನ್ನೂ ತಿರುಗಿಸಿದಳು. ಬಿಸ್ಕತ್ತು ಕಡಿಯುವ ಸದ್ದು ನಿಂತಿತು.

"ಯಂತ್ರದಲ್ಲಿ ಏನೋ ತೊಂದರೆ ಇರಬೇಕು" ಎಂದರು ಮುಖ್ಯಸ್ಥರು, ನಗುತ್ತಲೇ.

"ಯಂತ್ರ ಸರಿಯಾಗಿದೆ" ಎಂದಳು ಮೊಂಡಿ. "ಆಂಟೆನಾನೂ ಹೇಗೆ ಮಾಡಬೇಕೋ ಹಾಗೇ ಮಾಡಿದೆ. ಇದರ ಕೆಳಗೆ ಏನೂ ಇಲ್ಲ, ಬರೀ ಗ್ರಾಫೀನು. ಹಿಂದೆ ಇರೋ ಚಿತ್ರದಲ್ಲಿ ಹಾಕಿರೋ ಒಂದು ಸಂಖ್ಯೆ ನಾವು ಬೆಳೆಸೋ ಹಾಳೆಗೆ ಹೊಂದಲ್ಲ. ಹೊಂದೋ ಸಂಖ್ಯೆ ಹಾಕಿದ್ರೆ ಕಂಪ್ಯೂಟರೂ ಇದನ್ನೇ ತೋರಿಸುತ್ತೆ." ಎಂದು ಎರಡು ರೇಖೆಗಳ ಕಾಗದವನ್ನು ಮೇಜಿನ ಆಚೆಗೆ ತಳ್ಳಿದಳು.

ಸಮಿತಿಯ ಮುಖ್ಯಸ್ಥೆ ಅದನ್ನು ನೋಡಿ, ಪಕ್ಕಕ್ಕೆ ಸರಿಸಿದ ಫಲಕದ ಕಡೆ ಬೆರಳು ತೋರಿಸಿದರು. "ಅದೇನು?"

"ಅದನ್ನ ನಾನು ಮಾಡಿದ್ದಲ್ಲ. ಅದರ ಬಗ್ಗೆ ಕೇಳೋದಿದ್ರೆ ಮಾಡಿಸಿದವರನ್ನ ಕೇಳಿ."

ಯಾರೂ ಮುಖ್ಯಸ್ಥರನ್ನು ಕೇಳಲಿಲ್ಲ. ಆ ಹೆಂಗಸು ಅವಳಿಗೇ ಇನ್ನೊಂದು ಪ್ರಶ್ನೆ ಹಾಕಿದರು. "ಹಾಗಾದ್ರೆ ಗ್ರಾಫೀನಿಂದ ಆಂಟೆನಾ ಆಗಲ್ಲ ಅಂತೀರಾ?"

"ಇನ್ನೂ ಬಹಳ ಮೇಲಿನ ಅಲೆಗಳಿಗೆ ಆಗಬಹುದು. ಫೋನು, ವೈಫೈ ಅಲೆಗಳಿಗೆ ಪೂರ್ತಿ ಗ್ರಾಫೀನಿಂದೇ ಆಗಲ್ಲ. ಬೇರೆ ದಾರಿ ಇದೆ ಅಂತ ನನಗನ್ನಿಸುತ್ತೆ. ಹುಡುಕೋಕೆ ಬಿಟ್ಟಿದ್ರೆ ಇಷ್ಟು ಹೊತ್ತಿಗೆ ಹುಡುಕಿರ್ತಿದ್ದೆ. ನಾನು ಸುಕ್ಕು ತೆಗೀತಾ ಕೂತಿದ್ದೆ."

ಆ ವಾರವೇ ಅವಳ ಎತ್ತಂಗಡಿಯಾಯಿತು. ಯೋಜನೆಯಿಂದ ಹೆಸರು ಹೋಯಿತು, ಅಳತೆಯ ಕೋಣೆಯ ಕೀಲಿ ಹೋಯಿತು. ಹಿಂದಿನ ಕಟ್ಟಡದಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಪ್ರಯೋಗ ಮಾಡಿಸುವ ಕೆಲಸ ಕೊಟ್ಟರು. ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಉದ್ದನೆಯ ಹಾಲ್. ದಾರಿಯಲ್ಲಿ ಸಿಕ್ಕ ಸಹೋದ್ಯೋಗಿಗಳು ಮೊಬೈಲ್ ನೋಡಿಕೊಳ್ಳುತ್ತ ಸರಿದುಹೋಗತೊಡಗಿದರು. ಸಮಿತಿ ಯೋಜನೆಯನ್ನು ನಿಲ್ಲಿಸಲೂ ಇಲ್ಲ, ಹೊಗಳಲೂ ಇಲ್ಲ. ಮುಂದಿನ ವರ್ಷ ಮತ್ತೆ ನೋಡುತ್ತೇವೆ ಎಂದು ಹೇಳಿ ಹೋಯಿತು.

ಹಡಗಿನಿಂದ ಗಂಡನ ಫೋನ್ ಬಂತು. ಲೈನು ಕಡಿಯುತ್ತ, ಸೇರುತ್ತ ಇದ್ದುದರಿಂದ ಸ್ಪೀಕರಿಗೆ ಹಾಕಿದ್ದಳು. "ಒಂದು ಸಲ ಸುಮ್ಮನಿದ್ದಿದ್ರೆ ಏನಾಗ್ತಿತ್ತು?" ಎಂದ.

ಅವಳು ಉತ್ತರಿಸುವ ಮೊದಲೇ ಅತ್ತೆ ಫೋನ್ ಕಿತ್ತುಕೊಂಡರು. "ಕೇಳೋ ಇಲ್ಲಿ. ನಾನು ಅಷ್ಟು ವರ್ಷ ಬೋರ್ಡಿನ ಮುಂದೆ ಕೂತಿದ್ದೆ. ಮಂತ್ರಿ ಕೇಳಿದ್ರೂ, ಮಾರ್ವಾಡಿ ಕೇಳಿದ್ರೂ, ಲೈನು ಸಿಗದಿದ್ರೆ ಸಿಗಲಿಲ್ಲ ಅಂತಾನೇ ಹೇಳ್ತಿದ್ದೆ. ಬೈಸಿಕೊಂಡೆ, ಹೇಳೋದು ಬಿಡಲಿಲ್ಲ. ನಿನ್ನ ಹೆಂಡತಿನೂ ಅದನ್ನೇ ಹೇಳಿದ್ದಾಳೆ. ಬುದ್ಧಿ ಹೇಳೋಕೆ ನಿನಗೆ ಬೇರೆ ಯಾರೂ ಸಿಗಲಿಲ್ವಾ?"

"ಅಮ್ಮ, ನಾನು ಅವಳ ಒಳ್ಳೇದಕ್ಕೇ..." ಎನ್ನುವಷ್ಟರಲ್ಲಿ ಲೈನು ಕಡಿಯಿತು. ಕಡಿದದ್ದೋ, ಅತ್ತೆಯೇ ಕಡಿದರೋ, ಅವಳು ಕೇಳಲಿಲ್ಲ.

ಹಾಗೆಂದು ಅತ್ತೆ ಅವಳನ್ನು ತಲೆಯ ಮೇಲೇನೂ ಹೊತ್ತುಕೊಳ್ಳಲಿಲ್ಲ. ಅವಳು ಮುಖ ಊದಿಸಿಕೊಂಡು ಸೋಫಾದಲ್ಲಿ ಬಿದ್ದುಕೊಂಡದ್ದನ್ನು ಕೆಲವು ದಿನ ಹೊಟ್ಟೆಗೆ ಹಾಕಿಕೊಂಡರು. ಆಮೇಲೆ, "ಬೇರೆ ದಾರಿ ಇದೆ ಅಂತ ಅಷ್ಟು ಜನರ ಮುಂದೆ ಹೇಳಿ ಬಂದಿದ್ದೀಯಾ. ಇದೆಯೋ ಇಲ್ವೋ?" ಎಂದು ಕೇಳಿದರು.

"ಇದೆ ಅನ್ಸುತ್ತೆ."

"ಅನ್ಸೋದಕ್ಕೆಲ್ಲ ಸೋಫಾ ಬೇಕಾ? ಏಳು ಮೇಲೆ, ಕವರ್ ಒಗೀಬೇಕು."

ದಾರಿ ಅವಳ ತಲೆಯಲ್ಲಿ ಆಗಲೇ ಮೊಳೆತಿತ್ತು. ಅಲೆಯನ್ನು ಹೊರಡಿಸುವ ಭಾರವನ್ನು ಗ್ರಾಫೀನ್ ಹೊರಲಾರದು. ಅದನ್ನು ತಾಮ್ರಕ್ಕೇ ಬಿಟ್ಟುಬಿಡಬೇಕು. ತಾಮ್ರದ ಆಂಟೆನಾಕ್ಕೆ ಪಕ್ಕದಲ್ಲಿ ತಾಮ್ರದ್ದೇ ಒಂದು ಚಿಕ್ಕ ಕವಲು ಇಟ್ಟು, ನಡುವೆ ಉಗುರಿನಷ್ಟು ಗ್ರಾಫೀನಿನ ಸೇತುವೆ ಹಾಕಬೇಕು. ವೋಲ್ಟೇಜ್ ಕೊಟ್ಟಾಗ ಸೇತುವೆಯ ಮೇಲೆ ವಿದ್ಯುತ್ತು ಹಾದು, ಕವಲೂ ಸೇರಿಕೊಂಡು ಆಂಟೆನಾ ಉದ್ದವಾದಂತಾಗುತ್ತದೆ. ತೆಗೆದಾಗ ಕವಲು ಹೊರಗುಳಿಯುತ್ತದೆ. ಇಷ್ಟಕ್ಕೆ ಅಂಗೈಯಗಲದ ಹಾಳೆ ಬೇಡ. ಎರಡು ಸುಕ್ಕುಗಳ ನಡುವೆ ಸಿಗುವ ನಯವಾದ ಚೂರು ಸಾಕು.

ಅವಳು ನೆಲಮಾಳಿಗೆಗೆ ಹೋಗಿ ಕೇಳಿದಳು. ಯೋಜನೆಯ ಸಾಮಾನು ಅವಳಿಗೆ ಕೊಡಬಾರದೆಂದು ಕುಲುಮೆಯಣ್ಣನಿಗೆ ಹೇಳಿದ್ದರು.

"ಹಾಳೆ ಕೊಡಬಾರದು ಅಂದಿದ್ದಾರೆ" ಎಂದ ಅವನು. "ಹರಿದ ಚೂರಿನ ಬಗ್ಗೆ ಏನೂ ಅಂದಿಲ್ಲ. ಅದು ಕಸ. ಕಸ ಯಾರು ತಗೊಂಡು ಹೋದ್ರು ಅಂತ ನಾನು ಕಾಯ್ತಾ ಕೂರಲ್ಲ." ಎಂದು ಒಂದು ಡಬ್ಬಿಯನ್ನು ಅವಳ ಕಡೆ ತಳ್ಳಿದ. ಒಳಗೆ ಒಂದೊಂದು ಚೂರನ್ನೂ ಬೇರೆ ಬೇರೆ ಖಾನೆಯಲ್ಲಿ ನೀಟಾಗಿ ಜೋಡಿಸಿದ್ದ.

ಹಿಂದಿನ ಕಟ್ಟಡದ ಹಾಲ್‌ನಲ್ಲಿ, ತರಗತಿ ಮುಗಿದ ಮಧ್ಯಾಹ್ನಗಳಲ್ಲಿ, ಮುರಿದ ಕುರ್ಚಿಗಳ ಪಕ್ಕದಲ್ಲಿ ಅವಳು ಹೊಸ ಆಂಟೆನಾ ಕಟ್ಟಿದಳು. ವಿದ್ಯಾರ್ಥಿಗಳಿಗೆಂದು ಇಟ್ಟಿದ್ದ ಹಳೆಯ ಅಳತೆಯ ಯಂತ್ರ ಆಗಾಗ ನಿದ್ದೆ ಹೋಗುತ್ತಿತ್ತು. ಅಂಗೈಯಿಂದ ಬೆನ್ನಿಗೆ ತಟ್ಟಿದರೆ ಏಳುತ್ತಿತ್ತು. ಮೊದಲ ಆಂಟೆನಾದ ಸೇತುವೆ ಸುಟ್ಟುಹೋಯಿತು. ಮುಂದಿನದು ಕೆಲಸ ಮಾಡಿತು, ಆದರೆ ವೋಲ್ಟೇಜ್ ನಡುವಿನಲ್ಲಿದ್ದಾಗ ಶಕ್ತಿಯೆಲ್ಲ ಸೋರಿಹೋಗುತ್ತಿತ್ತು. ಕವಲಿನ ಜಾಗ ಬದಲಿಸಿದಳು, ಉದ್ದ ಬದಲಿಸಿದಳು, ಒಂದು ಸೇತುವೆಯ ಬದಲು ಪಕ್ಕಪಕ್ಕದಲ್ಲಿ ಹಲವು ಚೂರು ಕೂರಿಸಿದಳು. ಒಂದು ಮಧ್ಯಾಹ್ನ ಗುಂಡಿ ತಿರುಗಿಸಿದಾಗ ಪರದೆಯ ಮೇಲಿನ ತಗ್ಗು ಎಡಕ್ಕೆ ಸರಿಯಿತು. ವಾಪಸು ತಿರುಗಿಸಿದಳು, ಬಲಕ್ಕೆ ಸರಿಯಿತು. ಆಳೆತ್ತರದ ಚಿತ್ರದಲ್ಲಿದ್ದಷ್ಟಲ್ಲ. ಎರಡು ಬೆರಳಿನಷ್ಟು. ಆದರೆ ಗುಂಡಿ ಹೇಳಿದ ಕಡೆಗೆ, ಹೇಳಿದಾಗೆಲ್ಲ.

ಅವಳು ಕುರ್ಚಿಗಳ ರಾಶಿಗೆ ಒರಗಿ ನೆಲದ ಮೇಲೇ ಕೂತುಬಿಟ್ಟಳು. ಸ್ವಲ್ಪ ಅತ್ತಳು. ಎದ್ದು ಮೂಗು ಸೀಟಿಕೊಂಡು ಇನ್ನೊಂದು ಸಲ ತಿರುಗಿಸಿ ನೋಡಿದಳು.

ಇಷ್ಟಾದರೆ ಸಾಲದು. ಆಂಟೆನಾ ಯಾವ ದಿಕ್ಕಿಗೆ ಎಷ್ಟು ಕಳಿಸುತ್ತದೆ ಎಂದು ಅಳೆಯದೆ ಯಾರೂ ನಂಬುವುದಿಲ್ಲ. ಅದಕ್ಕೆ ಸ್ಪಂಜಿನ ಕೋಣೆ ಬೇಕು, ಅದರ ಕೀಲಿ ಇವಳಿಗಿಲ್ಲ. ಅಂಥ ಕೋಣೆಗಳು ಹುಟ್ಟುವ ಮೊದಲು ಜನ ಬಯಲಿನಲ್ಲಿ, ಮಾಳಿಗೆಯ ಮೇಲೆ ಅಳೆಯುತ್ತಿದ್ದರು. ಸುತ್ತ ಅಲೆ ಬಡಿದು ವಾಪಸಾಗಲು ಏನೂ ಇರದಿದ್ದರೆ ಸರಿ. ಅವಳ ಮನೆಯ ತಾರಸಿ ಸುತ್ತಲಿನ ಮನೆಗಳಿಗಿಂತ ಎತ್ತರ. ರಜೆಯ ದಿನ ಬೆಳಗ್ಗೆ ಅವಳು ಹಾಲ್‌ನಿಂದ ತಂದ ಯಂತ್ರಗಳನ್ನು ಮೇಲೇರಿಸಿದಳು. ಆಂಟೆನಾವನ್ನು ಕಟ್ಟಿದ ಮರದ ಕೋಲನ್ನು ಸ್ವಲ್ಪಸ್ವಲ್ಪವೇ ತಿರುಗಿಸಲು ಒಬ್ಬರು ಬೇಕಿತ್ತು.

"ಅಲ್ಲಾಡದೆ ಹಿಡ್ಕೋಬೇಕು ಅತ್ತೆ. ನಾನು ಹೇಳಿದಾಗ ಮಾತ್ರ ತಿರುಗಿಸಿ. ಮತ್ತೆ, ಫೋನ್ ಕೆಳಗಿಟ್ಟು ಬನ್ನಿ."

"ನನ್ನ ಬಾಯಿನೂ ಕೆಳಗಿಟ್ಟು ಬರಲಾ?" ಎಂದು ಅತ್ತೆ ತಲೆಗೆ ಬಟ್ಟೆ ಸುತ್ತಿಕೊಂಡು ಕೋಲು ಹಿಡಿದು ನಿಂತರು. ಬಿಸಿಲೇರಿತು. ಒಗೆದ ಬಟ್ಟೆ ಹರವಲು ಬಂದ ಕೆಳಮನೆಯವರು, "ಏನ್ ಮಾಡ್ತಿದ್ದೀರಿ ಅಜ್ಜಿ?" ಎಂದು ಕೇಳಿದರು.

"ಸೊಸೆ ನನ್ನನ್ನ ಬುಗುರಿ ಆಡಿಸ್ತಿದ್ದಾಳೆ" ಎಂದರು ಅತ್ತೆ. "ಬಟ್ಟೆ ನಾಳೆ ಹಾಕಿ. ಒದ್ದೆ ಬಟ್ಟೆ ಅಡ್ಡ ಬಂದ್ರೆ ಲೈನು ಸಿಗಲ್ಲ."

ಆ ತಾರಸಿಯ ಅಳತೆಗಳನ್ನೇ ಇಟ್ಟು ಅವಳು ಪ್ರಬಂಧ ಬರೆದಳು. ಆಗದಿದ್ದ ಆಂಟೆನಾವನ್ನೂ ಆದ ಆಂಟೆನಾವನ್ನೂ ಪಕ್ಕಪಕ್ಕ ಇಟ್ಟಳು. ಎಲ್ಲಿ ಶಕ್ತಿ ಸೋರುತ್ತದೆ ಎನ್ನುವುದನ್ನೂ, ಹಳೆಯ ಸಂಖ್ಯೆ ಏಕೆ ಹೊಂದುವುದಿಲ್ಲ ಎನ್ನುವುದನ್ನೂ ಮುಚ್ಚುಮರೆಯಿಲ್ಲದೆ ಬರೆದಳು. ತನ್ನ ಹೆಸರಿನ ಪಕ್ಕದಲ್ಲಿ ಕುಲುಮೆಯಣ್ಣನ ಹೆಸರು ಹಾಕಬಹುದೇ ಎಂದು ಕೇಳಿದಳು. ಅವನು ಎರಡು ದಿನ ಸಮಯ ಕೇಳಿದ. ಮೂರನೆಯ ದಿನ, "ಹಾಕು. ಆಗಿದ್ದಾಗಲಿ" ಎಂದ. ಸಂಶೋಧನಾ ಪತ್ರಿಕೆಯವರು ಮೊದಲ ಸಲ ವಾಪಸು ಕಳಿಸಿದರು. ತಾರಸಿಯ ಅಳತೆ ನಂಬುವುದು ಹೇಗೆ ಎಂದು ಕೇಳಿದ್ದರು. ಅವಳು ಬೇರೊಂದು ರಜೆಯ ದಿನ ಮತ್ತೆ ಎಲ್ಲವನ್ನೂ ಅಳೆದು, ಎರಡೂ ಸಲದ್ದು ಎಷ್ಟು ಹೊಂದುತ್ತದೆ ಎಂದು ತೋರಿಸಿ ಕಳಿಸಿದಳು. ಅಚ್ಚಾಯಿತು.

ಆಮೇಲೆ ಅವಳು ಎಣಿಸದಿದ್ದದ್ದು ನಡೆಯಿತು. ಕಂಡು ಕೇಳದ ಊರುಗಳಿಂದ ಪತ್ರಗಳು ಬರತೊಡಗಿದವು. ನಾವೂ ಅದೇ ಸಂಖ್ಯೆ ನಂಬಿ ಸುಕ್ಕು ತೆಗೆಯುತ್ತ ಕೂತಿದ್ದೆವು, ನಮ್ಮ ಕೈ ಸರಿಯಿಲ್ಲ ಎಂದುಕೊಂಡಿದ್ದೆವು ಎಂದು ಒಬ್ಬಳು ಬರೆದಿದ್ದಳು. ಅದನ್ನು ಮೊಂಡಿ ಅತ್ತೆಗೆ ಓದಿ ಹೇಳಿದಳು. ಮರುವರ್ಷ ಸಮಿತಿ ಬಂದಾಗ ತುಂಡು ಕೂದಲಿನ ಮುಖ್ಯಸ್ಥೆ ಸಭಾಂಗಣಕ್ಕೆ ಹೋಗುವ ಮೊದಲು ಹಿಂದಿನ ಕಟ್ಟಡಕ್ಕೆ ಬಂದರು. ಗುಂಡಿಯನ್ನು ತಾವೇ ತಿರುಗಿಸಿ ನೋಡಿದರು. ಫಲಕವನ್ನು ತಿರುಗಿಸಿ ಕೆಳಭಾಗವನ್ನೂ ನೋಡಿದರು.

"ನೋಡಿ, ಚೆನ್ನಾಗಿ ನೋಡಿ" ಎಂದಳು ಮೊಂಡಿ.

ಕೆಲವು ದಿನಗಳ ಮೇಲೆ ಮುಖ್ಯಸ್ಥರು ಕರೆಸಿದರು. ಬಾಗಿಲಲ್ಲಿ ಆಳೆತ್ತರದ ಚಿತ್ರ ಇನ್ನೂ ತೂಗುತ್ತಿತ್ತು. ಅವರು ಸೊರಗಿದ್ದರು. ಕುರ್ಚಿ ತೋರಿಸಿ, "ಮತ್ತೆ ಯೋಜನೆಗೆ ಬನ್ನಿ. ನಿಮ್ಮ ಹೊಸ ಆಂಟೆನಾನೇ ಮುಂದಿಟ್ಟುಕೊಂಡು ಹೋಗೋಣ. ಕೀಲಿ ಕೊಡಿಸ್ತೀನಿ" ಎಂದರು.

"ಹಳೇ ಪ್ರಬಂಧಕ್ಕೆ ತಿದ್ದುಪಡಿ ಕಳಿಸ್ತೀರಾ ಸರ್?"

"ಅದನ್ನ ಯಾಕೆ ಕೆದಕೋದು? ನಿಮ್ಮದು ಬಂದ ಮೇಲೆ ಓದಿದವರಿಗೆ ಗೊತ್ತಾಗುತ್ತೆ."

"ಹೊಸದಾಗಿ ಓದೋ ಮಕ್ಕಳು ನಿಮ್ಮದನ್ನೇ ಮೊದಲು ಓದ್ತಾರೆ. ಅದು ಬಾಗಿಲಲ್ಲೇ ಇದೆ."

"ನನ್ನ ವಯಸ್ಸಿಗಾದರೂ ಮರ್ಯಾದೆ ಕೊಡಿ."

ಅವಳಿಗೆ ಅಯ್ಯೋ ಎನಿಸದೆ ಇರಲಿಲ್ಲ. ಆದರೂ ಎದ್ದಳು. "ನಿಮಗೆ ಮರ್ಯಾದೆ ಇದೆ ಸರ್. ಆ ಚಿತ್ರಕ್ಕಿಲ್ಲ. ತಿದ್ದುಪಡಿ ಕಳಿಸಿದ ದಿನ ಹೇಳಿ, ಬರ್ತೀನಿ."

ಅವರು ಕಳಿಸಲಿಲ್ಲ. ಅವಳು ಹೋಗಲಿಲ್ಲ. ಕುಲುಮೆಯಣ್ಣನ ಕುಲುಮೆ ಮಾತ್ರ ಉಳಿಯಿತು. ಸಮಿತಿ ಅದನ್ನು ಯೋಜನೆಯಿಂದ ಬಿಡಿಸಿ ಎಲ್ಲರಿಗೂ ಸೇರಿದ್ದೆಂದು ಮಾಡಿಸಿತು. ಅಳತೆಯ ಕೋಣೆಯನ್ನೂ ವಾರಕ್ಕೊಂದು ದಿನ ಹೊರಗಿನವರಿಗೆ ತೆರೆಯಬೇಕೆಂದಿತು. ಮೊಂಡಿ ಹೊರಗಿನವರ ಸಾಲಿನಲ್ಲಿ ನಿಂತು ಒಳಗೆ ಹೋಗುತ್ತಿದ್ದಳು. ಮುಖ್ಯಸ್ಥರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಆ ಪ್ರಬಂಧವನ್ನೇ ಹೊಗಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಇವಳು ಚಪ್ಪಾಳೆ ತಟ್ಟಲಿಲ್ಲ. ಎದ್ದೂ ಹೋಗಲಿಲ್ಲ.

ಹಿಂದಿನ ಕಟ್ಟಡದ ಹಾಲ್ ಈಗಲೂ ಅವಳದೇ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಮೊದಲ ತರಗತಿಯಲ್ಲಿ ಅವಳು ಎರಡು ರೇಖೆಗಳನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಹಾಕುತ್ತಾಳೆ. ಯಾರ ಹೆಸರನ್ನೂ ಎತ್ತುವುದಿಲ್ಲ, ಆದರೆ ಆ ಹಳೆಯ ಪ್ರಬಂಧದ ಪುಟ ಹಾಗೆಯೇ ಇರುತ್ತದೆ. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಆ ಪುಟವನ್ನು ಗುರುತು ಹಿಡಿದಳು.

"ಮೇಡಂ, ಇದು ನಮ್ಮ ಸಂಸ್ಥೆದೇ ಅಲ್ವಾ? ಇದನ್ನ ತರಗತೀಲಿ ತಪ್ಪು ಅಂತ ತೋರಿಸೋದಕ್ಕೆ ಅಪ್ಪಣೆ ಇದೆಯಾ?"

"ಕೇಳಿಲ್ಲ" ಎಂದಳು ಮೊಂಡಿ. "ಕಿಟಕಿ ಪರದೆ ಎಳೀರಿ, ಹಿಂದಿನವರಿಗೆ ಸರಿಯಾಗಿ ಕಾಣ್ತಿಲ್ಲ."